ಕೇಳಿ, ಹೇಳ್ತೀನಿ: ಕೊಡಲಿ, ಅಕ್ಷೌಹಿಣಿ ಮತ್ತು ಕಿಗ್ಗದ ಮಳೆ

ವೇಷ-ಕುಣಿತ ಇಲ್ಲದೆ ಕೂತು ಮಾತಲ್ಲೇ ಕಥೆ ನಡೆಸೋ ತಾಳಮದ್ದಳೆಯಲ್ಲಿ ಮಾತೆತ್ತಿದರೆ ‘ಹನ್ನೊಂದು ಅಕ್ಷೌಹಿಣಿ ಸೈನ್ಯ’ ಅಂತೀರಿ. ಲೆಕ್ಕ ಇದೆಯಾ, ಸುಮ್ನೆ ಗತ್ತಿಗೆ ಹೇಳೋದಾ?
– ಹೊಸನಗರದ ಹೈಸ್ಕೂಲ್ ಹುಡುಗ

ಗತ್ತಿಗೂ ಹೌದು, ಲೆಕ್ಕವೂ ಇದೆ ಮಾರಾಯ. ಮಹಾಭಾರತದ ಆದಿಪರ್ವದಲ್ಲೇ ಕೊಟ್ಟಿದ್ದಾರೆ. ಒಂದು ಅಕ್ಷೌಹಿಣಿಗೆ ರಥ 21,870, ಆನೆ ಅಷ್ಟೇ. ಕುದುರೆ 65,610. ಕಾಲಾಳು 1,09,350. ಕೌರವರದ್ದು 11, ಪಾಂಡವರದ್ದು 7, ಒಟ್ಟು 18. ಒಂದು ಅಕ್ಷೌಹಿಣಿಯ ಲೆಕ್ಕದ ಒಂದೊಂದು ಸಂಖ್ಯೆಯ ಅಂಕಿಗಳನ್ನೂ ಕೂಡಿಸಿ ನೋಡು, 18 ಬರುತ್ತದೆ. ಅಷ್ಟು ಆನೆಗೆ ಮೇವು ಎಲ್ಲಿಂದ ತಂದರು ಅಂತ ಮಾತ್ರ ನನ್ನನ್ನು ಕೇಳಬೇಡ.

ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ಮಿಂದು ಬಂದೆವು. ಪರಶುರಾಮ ತಾಯಿಯನ್ನು ಕಡಿದ ಕೊಡಲಿ ತೊಳೆದದ್ದು ಇಲ್ಲೇ ಅಂತ ಅಜ್ಜಿ ಹೇಳಿದರು. ಇದು ಯಾವ ಪುಸ್ತಕದಲ್ಲಿದೆ? ಅಪ್ಪ ಹೇಳಿದ ಅಂತ ಅಮ್ಮನನ್ನು ಕಡಿಯೋದು ಸರಿಯಾ?
– ಸಾಗರದ ಕಾಲೇಜು ವಿದ್ಯಾರ್ಥಿನಿ

ಮಗಳೇ, ತಾಯಿಯನ್ನು ಕಡಿದ ಕಥೆ ಮಹಾಭಾರತದ ವನಪರ್ವದಲ್ಲಿದೆ. ತುಂಗೆಯಲ್ಲಿ ಕೊಡಲಿ ತೊಳೆದದ್ದು ಅಲ್ಲಿಲ್ಲ, ಅದು ನಮ್ಮ ಸ್ಥಳಪುರಾಣ.

ವನಪರ್ವದ ಕಥೆ ಹೀಗೆ. ಪರಶುರಾಮನ ತಾಯಿ ರೇಣುಕೆ ಸ್ನಾನಕ್ಕೆ ಹೋಗಿರುತ್ತಾಳೆ. ಚಿತ್ರರಥ ಎಂಬ ರಾಜ ಹೆಂಡತಿಯರ ಜೊತೆ ನೀರಾಟ ಆಡುವುದು ಕಣ್ಣಿಗೆ ಬೀಳುತ್ತದೆ. ಮನಸ್ಸು ಒಂದು ಗಳಿಗೆ ಅತ್ತ ವಾಲುತ್ತದೆ. ಅಷ್ಟೇ ಆದದ್ದು. ಮನೆಗೆ ಬಂದವಳನ್ನು ನೋಡಿದೊಡನೆ ಗಂಡ ಜಮದಗ್ನಿಗೆ ಗೊತ್ತಾಗುತ್ತದೆ. ರುಮಣ್ವಂತ, ಸುಷೇಣ, ವಸು, ವಿಶ್ವಾವಸು ಎಂಬ ನಾಲ್ಕು ಗಂಡುಮಕ್ಕಳಿಗೂ ಒಬ್ಬೊಬ್ಬರಾಗಿ ‘ಕೊಲ್ಲು’ ಅನ್ನುತ್ತಾನೆ. ಯಾರ ಬಾಯಿಂದಲೂ ಮಾತು ಹೊರಡುವುದಿಲ್ಲ. ಶಾಪ ತಗುಲಿ ಪಶುಪಕ್ಷಿಗಳ ಹಾಗೆ ಬುದ್ಧಿಗೆಟ್ಟು ನಿಲ್ಲುತ್ತಾರೆ. ಕೊನೆಗೆ ಬಂದವನು ಕಿರಿಯವ ರಾಮ, ಅಂದರೆ ನಮ್ಮ ಪರಶುರಾಮ. ಅವನು ಕೊಡಲಿ ಎತ್ತಿಯೇ ಬಿಡುತ್ತಾನೆ.

ಸಿಟ್ಟಿಳಿದ ಅಪ್ಪ ‘ಏನು ಬೇಕೋ ಕೇಳು’ ಅನ್ನುತ್ತಾನೆ. ಆಗ ಮಗ ಏನು ಕೇಳಿದ ಅನ್ನುವುದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ತಾಯಿ ಎದ್ದು ಬರಲಿ. ತನ್ನನ್ನು ಕೊಂದದ್ದು ಅವಳಿಗೆ ನೆನಪಿರದಿರಲಿ. ನನಗೆ ಪಾಪ ತಟ್ಟದಿರಲಿ. ಅಣ್ಣಂದಿರು ಮೊದಲಿನಂತಾಗಲಿ. ಯುದ್ಧದಲ್ಲಿ ಎದುರಾಳಿ ಇಲ್ಲದಿರಲಿ, ಆಯುಷ್ಯ ಹೆಚ್ಚಲಿ. ಎಲ್ಲವೂ ಸಿಕ್ಕಿತು. ಅಮ್ಮನಿಗೆ ಮರೆವು ಕೇಳಿದವನು ತನಗೆ ಕೇಳಿಕೊಳ್ಳಲಿಲ್ಲ, ನೋಡು.

ನಾನು ತಾಳಮದ್ದಳೆಯಲ್ಲಿ ಪರಶುರಾಮನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳುವವನು. ಭೀಷ್ಮನ ವಿರುದ್ಧ ನ್ಯಾಯ ಕೇಳಿ ಪರಶುರಾಮನ ಹತ್ತಿರ ಬಂದ ಅಂಬೆಯ ಪ್ರಸಂಗದಲ್ಲಿ ಒಮ್ಮೆ ಎದುರು ಕೂತ ಭೀಷ್ಮ ಕೆಣಕಿದರು: ‘ಹೆತ್ತವಳ ಕತ್ತು ಕಡಿದವರು ನನಗೆ ಹೆಣ್ಣಿನ ನ್ಯಾಯ ಹೇಳುವುದೇ?’ ಹಾಡುವ ಭಾಗವತರು ಕೂಡ ಜಾಗಟೆ ಕೋಲು ಕೆಳಗಿಟ್ಟು ನನ್ನತ್ತ ತಿರುಗಿದರು. ನಾನು ಅಂದೆ: ‘ಅವಳು ಮರೆತಳು ಗಾಂಗೇಯ. ನಾನು ಮರೆತಿಲ್ಲ. ಅದಕ್ಕೇ ಈ ಹೆಣ್ಣಿನ ಪರವಾಗಿ ಬಂದು ನಿಂತಿದ್ದೇನೆ.’ ಇದು ಪುಸ್ತಕದಲ್ಲಿಲ್ಲ, ಅರ್ಥಗಾರಿಕೆ. ಆದರೆ ಆ ವರಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಇದೆ ಅಂತ ನನ್ನ ನಂಬಿಕೆ.

ಈಗ ಅಜ್ಜಿಯ ಮಾತಿಗೆ ಬರೋಣ. ಎಲ್ಲಿ ತೊಳೆದರೂ ಕೊಡಲಿಯಲ್ಲಿ ಎಳ್ಳಿನಷ್ಟು ರಕ್ತದ ಕಲೆ ಉಳಿಯಿತು, ತುಂಗೆಯಲ್ಲಿ ಅದ್ದಿದಾಗ ಹೋಯಿತು ಅಂತ ನಮ್ಮ ಕಡೆ ಹೇಳುತ್ತಾರೆ. ವನಪರ್ವ ಏನನ್ನುತ್ತದೆ? ಪಾಪ ತಟ್ಟಲೇ ಇಲ್ಲ ಅನ್ನುತ್ತದೆ. ತೀರ್ಥಹಳ್ಳಿಯವರು ಅದನ್ನು ಒಪ್ಪಲಿಲ್ಲ. ತಟ್ಟಿದೆ, ಎಳ್ಳಿನಷ್ಟಾದರೂ ತಟ್ಟಿದೆ ಅಂದರು. ಅಪ್ಪನ ವರಕ್ಕೂ ಹೋಗದ್ದು ಹೊಳೆಯಲ್ಲಿ ಹೋಗಬೇಕಾಯಿತು. ಈ ಒಂದು ವಿಷಯದಲ್ಲಿ ನಾನು ವ್ಯಾಸರನ್ನು ಬಿಟ್ಟು ನಿಮ್ಮ ಅಜ್ಜಿಯ ಕಡೆ. ಸರಿಯಾ ಅಂತ ಕೇಳಿದೆಯಲ್ಲ, ಉತ್ತರ ಅದರಲ್ಲೇ ಇದೆ.

ರೇಣುಕೆಯ ಕಥೆ ಇಷ್ಟು ಹಿಡಿಸಿದ್ದರೆ ಸೊರಬ ಕಡೆಯ ಚಂದ್ರಗುತ್ತಿಗೂ ಹೋಗಿ ಬಾ. ಅಲ್ಲಿ ರೇಣುಕಾಂಬೆ ಬಂಡೆಯ ಗುಹೆಯಲ್ಲಿದ್ದಾಳೆ. ಅಜ್ಜಿಗೆ ಮೆಟ್ಟಿಲು ಹತ್ತಲು ಕೈ ಕೊಡು.

ಶೃಂಗೇರಿ ಹತ್ತಿರದ ಕಿಗ್ಗದಲ್ಲಿ, ಋಷ್ಯಶೃಂಗನ ಗುಡಿಯಲ್ಲಿ, ಮಳೆ ಬರಲಿ ಅಂತಲೂ ಪೂಜೆ, ನಿಲ್ಲಲಿ ಅಂತಲೂ ಪೂಜೆ. ಋಷ್ಯಶೃಂಗ ಮಳೆ ನಿಲ್ಲಿಸಿದ್ದು ರಾಮಾಯಣದಲ್ಲಿ ಇದೆಯೇ?
– ಕೊಪ್ಪದ ಅಡಿಕೆ ಬೆಳೆಗಾರರು

ಇಲ್ಲ ಸ್ವಾಮಿ. ಬಾಲಕಾಂಡದಲ್ಲಿ ತರಿಸಿದ್ದು ಮಾತ್ರ. ಅಂಗದೇಶದಲ್ಲಿ, ಅಂದರೆ ಈಗಿನ ಬಿಹಾರದ ಭಾಗಲ್ಪುರದ ಕಡೆ, ಬರ ಬಿದ್ದಿತ್ತು. ವಿಭಾಂಡಕ ಋಷಿಗಳ ಮಗ ಈ ಋಷ್ಯಶೃಂಗ ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದವನು. ಅವನನ್ನು ಕರೆತರಲು ರಾಜ ರೋಮಪಾದ ವೇಶ್ಯೆಯರನ್ನು ಕಳಿಸುತ್ತಾನೆ. ಅವರು ಕೊಟ್ಟ ಮೋದಕವನ್ನು ಹುಡುಗ ಯಾವುದೋ ಹೊಸ ಜಾತಿಯ ಹಣ್ಣು ಅಂದುಕೊಂಡು ತಿನ್ನುತ್ತಾನೆ. ವಾಲ್ಮೀಕಿ ಇಂಥ ತಮಾಷೆ ಮಾಡುವುದು ಅಪರೂಪ. ಅವನು ಅಂಗದೇಶಕ್ಕೆ ಕಾಲಿಟ್ಟ, ಮಳೆ ಹೊಯ್ಯಿತು. ರಾಜ ಮಗಳು ಶಾಂತೆಯನ್ನು ಕೊಟ್ಟು ಮದುವೆ ಮಾಡಿದ. ಮುಂದೆ ದಶರಥನ ಪುತ್ರಕಾಮೇಷ್ಟಿ ಮಾಡಿಸಿದವನೂ ಇವನೇ.

ನಿಲ್ಲಿಸುವ ಕೆಲಸ ಹಚ್ಚಿದ್ದು ನಾವು. ಆಷಾಢದಲ್ಲಿ ಅಡಿಕೆಗೆ ಕೊಳೆರೋಗ ಶುರುವಾಗಿ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿಟ್ಟು, ಮರ ಹತ್ತಿ ಅದನ್ನು ಹೊಡೆಯಬೇಕಾದ ಕೊನೆಗೌಡ ಮಳೆ ಬಿಡದೆ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಾಗ ಇನ್ಯಾರ ಹತ್ತಿರ ಹೋಗುವುದು, ಅಲ್ವಾ?

ಕಿಗ್ಗಕ್ಕೆ ಹೋಗುವಾಗ ಶೃಂಗೇರಿ ಪೇಟೆಯ ಗುಡ್ಡದ ಮೇಲಿನ ಮಲಹಾನಿಕರೇಶ್ವರನನ್ನೂ ನೋಡಿ. ಅಪ್ಪ ವಿಭಾಂಡಕರು ಆ ಲಿಂಗದಲ್ಲಿ ಐಕ್ಯರಾದರು ಅಂತ ಅಲ್ಲಿಯವರು ಹೇಳುತ್ತಾರೆ. ಮಗನ ಹತ್ತಿರ ಅಹವಾಲು ಹೇಳುವ ಮೊದಲು ಅಪ್ಪನಿಗೊಂದು ಕಾಯಿ ಒಡೆಸಿ.