ಬಳ್ಳಾರಿ ಕಡೆ ಕಲ್ಲಿದ್ದಲು ಗಣಿಯೂ ಕಾಡೂ ಇರುವ ಸಣ್ಣ ಹಳ್ಳಿ ಇದೆಯಾ? ಅಲ್ಲಿ ಬದುಕು ಹೇಗಿರುತ್ತೆ?

ಕಲ್ಲಿದ್ದಲು ಗಣಿ ನಮ್ಮ ಬಳ್ಳಾರಿಯಲ್ಲಿ ಇಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಕುಡತಿನಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬರುತ್ತದೆ, ಆದರೆ ಅದೆಲ್ಲ ಹೊರಗಿನ ಸರಕು. ನಮ್ಮ ಗುಡ್ಡದಲ್ಲಿ ಸಿಗುವುದು ಕಬ್ಬಿಣದ ಅದಿರು, ಜೊತೆಗೆ ಒಂದಿಷ್ಟು ಮ್ಯಾಂಗನೀಸ್. ಗಣಿ, ಕಾಡು ಎರಡೂ ಒಂದೇ ಗುಡ್ಡದ ಮೇಲೆ ನೋಡಬೇಕು ಅಂದರೆ ಸಂಡೂರು ತಾಲ್ಲೂಕಿಗೆ ಬನ್ನಿ. ನಾನು ಅಲ್ಲಿನ ಒಂದು ಸಣ್ಣ ಹಳ್ಳಿಯವನು.

ನಾನು ಶಾಲೆಗೆ ಹೋಗುವಾಗ ನಮ್ಮ ಸಮವಸ್ತ್ರದ ಬಿಳಿ ಅಂಗಿ ಒಂದು ತಿಂಗಳೂ ಬಿಳಿ ಉಳಿಯುತ್ತಿರಲಿಲ್ಲ. ಅವ್ವ ಎಷ್ಟು ಉಜ್ಜಿದರೂ ಕಾಲರಿನಲ್ಲಿ ಅದಿರು ಧೂಳಿನ ಕೆಂಪು ಹಾಗೇ ಇರುತ್ತಿತ್ತು. ರಸ್ತೆ ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸಿದರೆ ಅದೂ ಕೆಂಪಗೆ. ವ್ಯಾಪಾರಿ ಅದನ್ನೇ ನೆಪ ಮಾಡಿ ರೇಟು ಇಳಿಸುತ್ತಿದ್ದ. ಚೀನಾದವರು ಅದಿರು ಕೊಳ್ಳುತ್ತಿದ್ದ ಕಾಲ ಅದು. ಹೊಲದಲ್ಲಿ ಜೋಳ ಬಿತ್ತುವುದು ಬಿಟ್ಟು ಅದಿರು ಗುಡ್ಡೆ ಹಾಕಲು ಬಾಡಿಗೆಗೆ ಕೊಟ್ಟವರೂ ಇದ್ದರು. ತಪ್ಪು ಅಂತ ಹೇಗೆ ಹೇಳಲಿ? ಮಳೆ ನಂಬಿದ ಬೆಳೆಗಿಂತ ಆ ದುಡ್ಡು ಜಾಸ್ತಿ ಇತ್ತು.

ನಮ್ಮ ಮಾವ ಅದಿರು ಸಾಗಿಸಲು ಸಾಲ ಮಾಡಿ ಲಾರಿ ತಗೊಂಡ. ಎರಡು ವರ್ಷ ಚೆನ್ನಾಗಿ ಓಡಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಟೈರಿನ ಗಾಳಿ ಇಳಿಯಿತು, ಅಡಿಯಲ್ಲಿ ಕೋಳಿ ಮೊಟ್ಟೆ ಇಡಲು ಶುರು ಮಾಡಿದವು. ಕಂತು ಮಾತ್ರ ನಿಲ್ಲಲಿಲ್ಲ ನೋಡಿ. ಮುಂದೆ ಷರತ್ತು ಹಾಕಿ, ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಎಂದು ಮಿತಿ ಇಟ್ಟು ಗಣಿಗಳನ್ನು ತೆರೆದರು. ಅಷ್ಟರಲ್ಲಿ ಮಾವ ಸಿಕ್ಕ ರೇಟಿಗೆ ಲಾರಿ ಮಾರಿ ಮತ್ತೆ ಮೆಕ್ಕೆಜೋಳಕ್ಕೆ ಬಂದಿದ್ದ. ಗಣಿ ನಿಂತಿದ್ದಾಗ ಹತ್ತಿ ಬೆಳ್ಳಗಿತ್ತು ಅಂತ ಅತ್ತೆ ಈಗಲೂ ಹೇಳುತ್ತಾಳೆ. ಮಾವನ ಎದುರಿಗೆ ಹೇಳುವುದಿಲ್ಲ.

ಕಾಡಿನ ವಿಷಯಕ್ಕೆ ಬಂದರೆ, ಮಲೆನಾಡಿನ ಕಾಡು ಅಂದುಕೊಂಡು ಬರಬೇಡಿ. ಇದು ಎಲೆ ಉದುರಿಸುವ ಕಾಡು. ಏಪ್ರಿಲ್‌ನಲ್ಲಿ ಬಂದರೆ ಒಣ ಕಡ್ಡಿ ಕಾಣುತ್ತದೆ, ಅಷ್ಟೇ. ಸೆಪ್ಟೆಂಬರ್‌ನಲ್ಲಿ ಬನ್ನಿ. ಗುಡ್ಡದ ತಲೆ ಮೇಲೆ ಮೋಡ ಕೂತಿರುತ್ತದೆ. ಕುಮಾರಸ್ವಾಮಿ ಗುಡಿಗೆ ಹೋಗುವ ದಾರಿಯಲ್ಲಿ ಒಂದು ತಿರುವಿನಲ್ಲಿ ಬರೀ ಹಸಿರು, ಮುಂದಿನ ತಿರುವಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಗುಡ್ಡ. ಫೋಟೋ ತೆಗೆಯುವವರು ಸುಮ್ನೆ ಹಸಿರನ್ನಷ್ಟೇ ತೆಗೆದುಕೊಂಡು ಹೋಗುತ್ತಾರೆ. ಕೆಳಗೆ ತಾರಾನಗರದ ಹತ್ತಿರ ನಾರಿಹಳ್ಳದ ಜಲಾಶಯ ಇದೆ, ಸಂಜೆ ಹೊತ್ತಿಗೆ ಚೆಂದ. ಗುಡ್ಡದಲ್ಲಿ ಕರಡಿ ಇವೆ. ಕತ್ತಲಾದ ಮೇಲೆ ಒಬ್ಬರೇ ನಡೆಯಬೇಡಿ. ಕರಡಿಯನ್ನೇ ನೋಡಬೇಕಿದ್ದರೆ ದರೋಜಿ ಕರಡಿಧಾಮಕ್ಕೆ ಹೋಗಿ.

ಬೈಕಿನಲ್ಲಿ ಬರುವುದಾದರೆ ಬೆಳಗ್ಗೆ ಬೇಗ ಹೊರಡಿ. ಮಳೆ ಬಿದ್ದ ಮೇಲೆ ಅದಿರಿನ ಕೆಸರು ಸೋಪು ಹಚ್ಚಿದ ಹಾಗೆ ಜಾರುತ್ತದೆ, ಟಿಪ್ಪರ್‌ನವರು ಅದಕ್ಕೆಲ್ಲ ನಿಧಾನ ಮಾಡುವುದಿಲ್ಲ.