ರೈಸ್ ಮಿಲ್ಲಿನ ಕಂಪ್ರೆಸರ್ ಹೀಟ್ ಆಗಿ ನಿಲ್ಲುತ್ತಿದೆ, ಆಯಿಲ್ ನಾವೇ ಬದಲಿಸಬಹುದಾ?

ಗಂಗಾವತಿ ಹತ್ತಿರದ ನಿಮ್ಮ ಮಿಲ್ಲಿನಲ್ಲಿ ಸಾರ್ಟೆಕ್ಸ್‌ಗೆ (ಬಣ್ಣಗೆಟ್ಟ ಅಕ್ಕಿ ಆರಿಸಿ ತೆಗೆಯುವ ಮಷಿನ್) ಗಾಳಿ ಕೊಡುವ ಸ್ಕ್ರೂ ಕಂಪ್ರೆಸರ್ ಮಧ್ಯಾಹ್ನದ ಹೊತ್ತು ಹೀಟ್ ಆಗಿ ಟ್ರಿಪ್ ಆಗುತ್ತಿದೆ, ಆಯಿಲ್ ನಾವೇ ಬದಲಿಸಬಹುದಾ, ಎಂಜಿನ್ ಆಯಿಲ್ ಹಾಕಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ಕಾರಟಗಿ, ಸಿಂಧನೂರು ಕಡೆಯ ಮಿಲ್ಲುಗಳಲ್ಲಿ ಇದೇ ಕೆಲಸ ಮಾಡುತ್ತೇನೆ. ಬದಲಿಸಬಹುದು. ಆದರೆ ಯಾವ ಆಯಿಲ್ ಅನ್ನುವುದು ಆಮೇಲಿನ ಮಾತು. ಒಳಗಿನ ಪ್ರೆಶರ್ ಪೂರ್ತಿ ಇಳಿದಿದೆಯಾ ಅನ್ನುವುದು ಮೊದಲು. ಕೈ, ಮುಖ ಸುಟ್ಟುಕೊಳ್ಳುವುದು ಅಲ್ಲೇ.

ಸ್ವಿಚ್ ಆಫ್ ಮಾಡಿದ ಕೂಡಲೇ ಕಂಪ್ರೆಸರ್ ಖಾಲಿ ಆಗುವುದಿಲ್ಲ. ನಾವು 7 ಕೆ.ಜಿ. ಪ್ರೆಶರ್ ಅಂತೀವಲ್ಲ, ಅದು ಪ್ರತಿ ಚದರ ಸೆಂಟಿಮೀಟರ್ ಮೇಲೂ 7 ಕೆ.ಜಿ. ಗಾಳಿಯಿಂದ ಎಣ್ಣೆ ಬೇರ್ಪಡಿಸುವ ಸೆಪರೇಟರ್ ಟ್ಯಾಂಕಿನ ಮುಚ್ಚಳ ಒಂದು ಅಡಿ ಅಗಲ ಇದ್ದರೆ, ಒಳಗಿನಿಂದ ಅದನ್ನು ಸುಮಾರು 5 ಟನ್ ಬಲ ಒತ್ತುತ್ತಿರುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಚ್ಚಿದರೆ ಏನಾಗುತ್ತೆ ಅಂತ ನೀವೇ ಯೋಚಿಸಿ.

ಹಾಗಾಗಿ ಮೊದಲು ಸ್ಟಾಪ್ ಬಟನ್ ಒತ್ತಿ, ಗಾಳಿ ತಾನಾಗಿ ಹೊರಗೆ ಹೋಗಲು ಬಿಡಿ. ಆಮೇಲೆ ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಸೀಸನ್ ಟೈಮಲ್ಲಿ ಸಾರ್ಟೆಕ್ಸ್ ಆಪರೇಟರ್ ಗಾಳಿ ಬರ್ತಿಲ್ಲ ಅಂತ ಓಡಿ ಬಂದು ಸ್ವಿಚ್ ಏರಿಸಿಬಿಡುತ್ತಾನೆ. ಅವನ ತಪ್ಪಲ್ಲ, ನೀವು ಒಳಗೆ ಕೈ ಹಾಕಿರುವುದು ಅವನಿಗೆ ಗೊತ್ತಿರಲ್ಲ. ಇನ್ನೊಂದು, ಗಾಳಿ ತುಂಬಿಡುವ ರಿಸೀವರ್ ಟ್ಯಾಂಕಿಗೆ ಹೋಗುವ ವಾಲ್ವ್ ಮುಚ್ಚಿ. ನಡುವೆ ಗಾಳಿ ಹಿಂದೆ ಬರದಂತೆ ತಡೆಯುವ ಚೆಕ್ ವಾಲ್ವ್ ಲೀಕ್ ಇದ್ದರೆ ಟ್ಯಾಂಕಿನ ಗಾಳಿ ವಾಪಸ್ ಕಂಪ್ರೆಸರಿಗೇ ಬರುತ್ತದೆ.

ಗೇಜ್ ಸೊನ್ನೆ ತೋರಿಸಿದರೂ ನಂಬಬೇಡಿ. ಧೂಳು ಹಿಡಿದು ಮುಳ್ಳು ಅಂಟಿಕೊಂಡಿರಬಹುದು. ಆಯಿಲ್ ಹಾಕುವ ಪ್ಲಗ್ಗನ್ನು ಒಂದೇ ಸುತ್ತು ಸಡಿಲ ಮಾಡಿ, ಮುಖ ಪಕ್ಕಕ್ಕಿರಲಿ. ಸುಯ್ ಅಂತ ಸದ್ದು ಬಂದರೆ ಕೈ ತೆಗೆದು ಕಾಯಿರಿ. ಸದ್ದು ಪೂರ್ತಿ ನಿಂತ ಮೇಲೆ ಪ್ಲಗ್ ತೆಗೆಯಿರಿ. ಆಯಿಲ್ ಬೆಚ್ಚಗಿರುವಾಗ ಇಳಿಸಿದರೆ ಕೊಳೆಯೂ ಜೊತೆಗೇ ಬರುತ್ತದೆ. ಆದರೆ ಓಡುತ್ತಿದ್ದಾಗ ಅದು 80-90 ಡಿಗ್ರಿ ಇರುತ್ತದೆ, ಅಷ್ಟು ಬಿಸಿಯಲ್ಲಿ ಇಳಿಸಲು ಹೋಗಬೇಡಿ.

ಎಂಜಿನ್ ಆಯಿಲ್ ಬೇಡವೇ ಬೇಡ. ಅದರಲ್ಲಿ ಕೊಳೆ ತೊಳೆಯುವ ಡಿಟರ್ಜೆಂಟ್ ಇರುತ್ತದೆ. ಕಂಪ್ರೆಸರಿನಲ್ಲಿ ಅದು ನೀರನ್ನು ಹಿಡಿದಿಟ್ಟುಕೊಂಡು ನೊರೆ ಬರಿಸುತ್ತದೆ. ನೊರೆ ಸೆಪರೇಟರ್ ದಾಟಿ ಗಾಳಿಯ ಜೊತೆ ಸಾರ್ಟೆಕ್ಸ್ ತನಕ ಹೋದರೆ ಕಾಳನ್ನು ಊದಿ ಹಾರಿಸುವ ಎಜೆಕ್ಟರ್ ವಾಲ್ವ್‌ಗಳು ಜಾಮ್ ಆಗುತ್ತವೆ, ಅಕ್ಕಿಗೂ ಎಣ್ಣೆ ತಾಗುತ್ತದೆ. ನಿಮ್ಮ ಮಷಿನ್ ಪುಸ್ತಕದಲ್ಲಿರುವ ಗ್ರೇಡೇ ಹಾಕಿ. ಸ್ಕ್ರೂ ಕಂಪ್ರೆಸರಿಗೆ ಹೆಚ್ಚಾಗಿ ವಿಜಿ 46 (ಆಯಿಲ್ ಎಷ್ಟು ಮಂದ ಅನ್ನುವ ಗ್ರೇಡ್) ಇರುತ್ತದೆ. ಮಿನರಲ್ ಮತ್ತು ಸಿಂಥೆಟಿಕ್ ಎರಡನ್ನೂ ಸುಮ್ನೆ ಬೆರೆಸಬೇಡಿ, ಕೆಲವು ಜೊತೆ ಸೇರಿದರೆ ಜಿಗುಟಾಗಿ ಪೈಪ್ ಕಟ್ಟುತ್ತವೆ. ಆಯಿಲ್ ಫಿಲ್ಟರ್ ಕೂಡ ಜೊತೆಗೇ ಬದಲಾಗಲಿ. ಸೆಪರೇಟರ್ ಬದಲಿಸುವಾಗ ಅದರ ಗ್ಯಾಸ್ಕೆಟ್ಟಿನಲ್ಲಿ ಚಿಕ್ಕ ಸ್ಟೇಪಲ್ ಪಿನ್ ಕಾಣುತ್ತದೆ. ಬೇಡದ ಪಿನ್ ಅಂತ ಕಿತ್ತುಹಾಕಬೇಡಿ. ಒಳಗೆ ಹುಟ್ಟುವ ಸ್ಟ್ಯಾಟಿಕ್ ಕರೆಂಟನ್ನು ಮಷಿನ್ನಿನ ಲೋಹದ ಮೈಗೆ ಇಳಿಸುವುದು ಅದೇ. ಅದಿಲ್ಲದಿದ್ದರೆ ಕಿಡಿ ಹಾರಿ ಎಣ್ಣೆಗೆ ಬೆಂಕಿ ಹತ್ತಬಹುದು.

ಈಗ ನಿಮ್ಮ ಟ್ರಿಪ್ ವಿಷಯ. ಹೊಸ ಆಯಿಲ್ ಹಾಕಿದ ಮಾತ್ರಕ್ಕೆ ಅದು ನಿಲ್ಲುತ್ತೆ ಅಂತ ನನಗನಿಸುವುದಿಲ್ಲ. ಟಾರ್ಚ್ ಹಿಡಿದು ಆಯಿಲ್ ತಣ್ಣಗೆ ಮಾಡುವ ಕೂಲರ್ ನೋಡಿ. ತೌಡಿನಲ್ಲೇ ಎಣ್ಣೆ ಇರುತ್ತದೆ ಅಲ್ವಾ, ಅದರ ಧೂಳು ಬರೀ ಕೂರುವುದಿಲ್ಲ, ಕೂಲರಿನ ತೆಳು ತಗಡುಗಳ (ಫಿನ್) ನಡುವೆ ಮೆತ್ತಿಕೊಳ್ಳುತ್ತದೆ. ಹೊರಗಿನಿಂದ ಕ್ಲೀನ್ ಅನ್ನಿಸಿದರೂ ಬೆಳಕು ಆಚೆ ಕಾಣಲ್ಲ. ಫ್ಯಾನ್ ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ ಕಡಿಮೆ ಪ್ರೆಶರಿನಲ್ಲಿ ಊದಿ. ಏರ್ ಫಿಲ್ಟರನ್ನೂ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಕಂಪ್ರೆಸರ್ ಬಿಡುವ ಬಿಸಿಗಾಳಿ ಅದೇ ರೂಮಿನಲ್ಲಿ ಸುತ್ತುತ್ತಿದ್ದರೆ ಡಕ್ಟ್ ಹಾಕಿ ಹೊರಗೆ ಬಿಡಿ. ಆಯಿಲ್ ಬಿಸಿ 10 ಡಿಗ್ರಿ ಜಾಸ್ತಿಯಾದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಪುಸ್ತಕದಲ್ಲಿ 4000 ಗಂಟೆ ಅಂತಿದ್ದರೂ ತೌಡಿನ ಧೂಳಿನಲ್ಲಿ, ಇಷ್ಟು ಬಿಸಿಲಿನಲ್ಲಿ ಓಡುವ ಮಷಿನ್ನಿಗೆ ಅಷ್ಟು ದಿನ ಕಾಯಬೇಡಿ.

ಕೆಲಸ ನಿಲ್ಲಬಾರದು ಅಂತ ಟ್ರಿಪ್ ಸೆಟ್ಟಿಂಗ್ ಏರಿಸುವುದು, ಸೆನ್ಸರ್ ವೈರ್ ಶಾರ್ಟ್ ಮಾಡುವುದು ದಯವಿಟ್ಟು ಬೇಡ. ಯಾರಾದರೂ ಎಲೆಕ್ಟ್ರಿಷಿಯನ್ "ನಾನು ಮಾಡಿಕೊಡ್ತೀನಿ ಅಣ್ಣ" ಅಂದರೂ ಒಪ್ಪಬೇಡಿ.

ಹಾಗೇ ಹಮಾಲರು ಕೆಲಸ ಮುಗಿದ ಮೇಲೆ ಮೈಮೇಲಿನ ಧೂಳು ಹಾರಿಸಲು ಏರ್ ಪೈಪ್ ಹಿಡಿಯುತ್ತಾರೆ. ಅದನ್ನು ಇವತ್ತೇ ನಿಲ್ಲಿಸಿ. ಕಣ್ಣು, ಕಿವಿಗೆ ಪೆಟ್ಟಾಗುತ್ತದೆ, ಗಾಯದ ಮೂಲಕ ಗಾಳಿ ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ.

ಹೊಸ ಆಯಿಲ್ ಹಾಕಿದ ಮೇಲೆ ಐದು ನಿಮಿಷ ಓಡಿಸಿ, ಲೀಕ್ ಇದೆಯಾ ನೋಡಿ. ಮತ್ತೆ ನಿಲ್ಲಿಸಿ, ಪ್ರೆಶರ್ ಇಳಿದ ಮೇಲೆ ಲೆವೆಲ್ ನೋಡಿ. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ರೀಡಿಂಗ್ ಮಷಿನ್ ಬಾಡಿ ಮೇಲೆ ಮಾರ್ಕರ್‌ನಿಂದ ಬರೆಯಿರಿ. ಹಳೆ ಆಯಿಲ್ಲನ್ನು ಕಾಲುವೆ ಪಕ್ಕ ಸುರಿಯಬೇಡಿ, ಅದೇ ನೀರು ಗದ್ದೆಗೆ ಹೋಗುವುದು. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡಬ್ಬದಲ್ಲಿ ತುಂಬಿಟ್ಟು, ಪರವಾನಗಿ ಇರುವ ರೀಸೈಕ್ಲಿಂಗ್‌ನವರಿಗೆ ಕೊಡಿ.