ಬಡಗು ದಿಕ್ಕಿಗೆ ಹೋಗಲು ಮೂಗಿನ ಸ್ವಾಬ್ ತೆಂಕಿಗೆ

ಬೆಂಗಳೂರಿನ ಗೆಳೆಯನೊಬ್ಬ ಮೊನ್ನೆ ಕೇಳಿದ. "ಅಲ್ಲ ಗುರು, ಕೋವಿಡ್ ಟೈಮಲ್ಲಿ ಒಂದು ಟೆಸ್ಟ್ ಮಾಡಿಸ್ಕೊಂಡು ಕರ್ನಾಟಕಕ್ಕೆ ಬರೋಕೆ ನಿಮಗೇನು ಕಷ್ಟ? ಕೇರಳದಲ್ಲಿ ಆಸ್ಪತ್ರೆ ಎಲ್ಲಾ ಸೂಪರ್ ಅಂತಾರಲ್ಲ!" ಕೊನೆಗೆ, "ನೀನು ಕನ್ನಡ ಚೆನ್ನಾಗಿ ಮಾತಾಡ್ತೀಯ ಬಿಡು" ಎಂಬ ಸರ್ಟಿಫಿಕೇಟು ಬೇರೆ. ಒಂದನೇ ಕ್ಲಾಸಿನಿಂದ ಕನ್ನಡದಲ್ಲೇ ಓದಿದವನಿಗೆ!

ನಮ್ಮದು ಮಂಜೇಶ್ವರದ ಕಡೆ. ಕಾಸರಗೋಡು ಜಿಲ್ಲೆ, ಕೇರಳ ರಾಜ್ಯ. 1956ರವರೆಗೆ ನಾವು ಮಂಗಳೂರಿನವರ ಜೊತೆ ಒಂದೇ ಜಿಲ್ಲೆಯಲ್ಲಿದ್ದೆವು. ಆಮೇಲೆ ಗೆರೆ ಬಿತ್ತು. ಆದರೆ ಹೆರಿಗೆ, ಹಾರ್ಟು, ಕಿಡ್ನಿ ಎಲ್ಲದಕ್ಕೂ ನಾವು ಓಡುವುದು ಇವತ್ತಿಗೂ ಮಂಗಳೂರಿಗೆ. ಗಡಿಯ ತಲಪಾಡಿ ದಾಟಿದರೆ ಅರ್ಧ ಗಂಟೆ. ತಿರುವನಂತಪುರ ನಮಗೆ ಬೆಂಗಳೂರಿಗಿಂತ ದೂರ ಮಾರಾಯ.

2020ರ ಮಾರ್ಚ್‌ನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಿನಗೂ ಗೊತ್ತು. ಅದು ಕೋರ್ಟಿಗೂ ಹೋಯಿತು. ಆ ಕಥೆ ಈಗ ಬೇಡ, ಹೊಟ್ಟೆ ಉರಿಯುತ್ತದೆ.

ನಿಜವಾದ ಗೋಳು 2021ರದ್ದು. ಫೆಬ್ರವರಿಯಲ್ಲಿ ಕರ್ನಾಟಕ ಹೇಳಿತು: ಕೇರಳದಿಂದ ಬರುವವರು ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ತೋರಿಸಬೇಕು, ಅದು 72 ಗಂಟೆಗಿಂತ ಹಳೆಯದಿರಬಾರದು. ಕೇಳಲಿಕ್ಕೆ ಸುಲಭ. 72 ಗಂಟೆ ಅಂದರೆ ಮೂರು ದಿನ, ಅಲ್ವಾ? ಅಲ್ಲ. ಗಡಿಯಾರ ಓಡಲು ಶುರುವಾಗುತ್ತಿದ್ದದ್ದು ರಿಪೋರ್ಟು ಕೈಗೆ ಬಂದಾಗ ಅಲ್ಲ, ಮೂಗಿಗೆ ಕಡ್ಡಿ ಹಾಕಿದಾಗ. ಅರ್ಧ ಗಂಟೆಯಲ್ಲಿ ಉತ್ತರ ಹೇಳುವ ಆಂಟಿಜನ್ ಟೆಸ್ಟಿನ ರಿಪೋರ್ಟು ಗಡಿಯ ಗೇಟಿನಲ್ಲಿ ನಡೆಯುತ್ತಿರಲಿಲ್ಲ. ಆರ್‌ಟಿ-ಪಿಸಿಆರ್‌ಗೆ ಅದಕ್ಕೆಂದೇ ಇರುವ ಲ್ಯಾಬ್ ಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2020ರಲ್ಲೇ ಪರೀಕ್ಷೆ ಶುರುವಾಗಿತ್ತು, ಅದು ನಮ್ಮ ಜಿಲ್ಲೆಯ ಹೆಮ್ಮೆಯೇ. ಆದರೆ ಪೆರಿಯ ಇರುವುದು ಕಾಸರಗೋಡು ಪೇಟೆಯನ್ನೂ ದಾಟಿ ತೆಂಕಿನಲ್ಲಿ. ನಾನು ಹೋಗಬೇಕಾದದ್ದು ಬಡಗಿಗೆ. ನಾನು ಅತ್ತ ಹೋಗಬೇಕಾದರೆ ನನ್ನ ಸ್ವಾಬ್ ಮೊದಲು ಇತ್ತ ಹೋಗಿ ಬರಬೇಕು!

ಅಮ್ಮನ ಚೆಕಪ್ ಸೋಮವಾರ ಹನ್ನೊಂದಕ್ಕೆ ಇತ್ತು. ಶುಕ್ರವಾರ ಹತ್ತಕ್ಕೆ ಸ್ವಾಬ್ ಕೊಟ್ಟೆವು. ತೆಗೆದ ಸ್ವಾಬ್‌ಗಳೆಲ್ಲ ಐಸ್ ಪೆಟ್ಟಿಗೆಯಲ್ಲಿ ಕೂತು ಸಂಜೆಯ ವಾಹನಕ್ಕೆ ಕಾದವು. ಶನಿವಾರ ಉತ್ತರ ಇಲ್ಲ. ಭಾನುವಾರ ರಾತ್ರಿ ಎಂಟಕ್ಕೆ ಮೆಸೇಜ್ ಬಂತು. ನೆಗೆಟಿವ್. ಖುಷಿಪಡಲಿಕ್ಕೂ ಪುರುಸೊತ್ತಿಲ್ಲ, 58 ಗಂಟೆ ಆಗಲೇ ಮುಗಿದಿತ್ತು. ಸೋಮವಾರ ಬೆಳಿಗ್ಗೆ ಪ್ರಿಂಟ್ ತೆಗೆಯುವ ಅಂಗಡಿ ತೆರೆದದ್ದೇ ಒಂಬತ್ತೂವರೆಗೆ. ಗಡಿ ಮುಟ್ಟುವಾಗ ಹತ್ತೂಕಾಲು. ಪೊಲೀಸರು ಬೆರಳು ಮಡಚಿ ಲೆಕ್ಕ ಹಾಕಿದರು. ಒಳ್ಳೆಯವರೇ, ಅಮ್ಮನಿಗೆ ಕೂರಲು ಕುರ್ಚಿ ಕೊಟ್ಟರು. ಆದರೆ ಬಿಡಲಿಲ್ಲ. ಕಾಲು ಗಂಟೆಗೆ ಅಮ್ಮ ಹೊರರಾಜ್ಯದವರಾದರು!

ಆಗಸ್ಟ್‌ನಲ್ಲಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರಿಗೂ ಅದೇ ಕಟ್ಟಳೆ. ಆಗ ಕೇರಳದವರು ತಲಪಾಡಿಯಲ್ಲೇ ಪರೀಕ್ಷೆಯ ವ್ಯವಸ್ಥೆ ಮಾಡಿದರು. ಜನ ನಿಲ್ಲುವ ಜಾಗಕ್ಕೇ ಟೆಸ್ಟ್ ಬರಬೇಕು ಎಂದು ನಾವು ಶುರುವಿನಿಂದ ಬಡಕೊಂಡದ್ದು ಅದಕ್ಕೇ. ಇನ್ನೊಂದು ವಿಷಯವೂ ಉಂಟು. ನಮ್ಮೂರ ಟೆಸ್ಟ್ ಕ್ಯಾಂಪಿನ ದಿನ, ಜಾಗ ಎಲ್ಲ ವಾಟ್ಸಾಪಿನಲ್ಲಿ ಮಲಯಾಳದಲ್ಲಿ ಬರುತ್ತಿತ್ತು. ಕನ್ನಡ ಮಾತ್ರ ಓದಬಲ್ಲ ಅಜ್ಜಂದಿರು ಮಗುವಿನ ಮುಂದೆ ಫೋನ್ ಹಿಡಿದು "ಎಂಥ ಬರೆದಿದ್ದಾರೆ ಓದು" ಎನ್ನುವಷ್ಟರಲ್ಲಿ ಕ್ಯಾಂಪ್ ಮುಗಿದಿರುತ್ತಿತ್ತು. ಆಮೇಲೆ ನಮ್ಮವರು ಟೆಸ್ಟಿಗೆ ಬರುವುದಿಲ್ಲ ಎಂಬ ದೂರು ಬೇರೆ.

ಇಷ್ಟೆಲ್ಲ ಹೇಳಿದ ಮೇಲೆ ಗೆಳೆಯ ಸ್ವಲ್ಪ ಯೋಚಿಸಿ, "ಹಾಗಾದ್ರೆ ಟೆಸ್ಟನ್ನೂ ಮಂಗಳೂರಲ್ಲೇ ಮಾಡಿಸಬಹುದಿತ್ತಲ್ಲ?" ಎಂದ.

ಮಂಗಳೂರಿಗೆ ಹೋಗಲಿಕ್ಕೇ ರಿಪೋರ್ಟು ಬೇಕಲ್ಲ ಮಾರಾಯ!